ಆನೆ ನಿಲ್ಲಬೇಕಾ, ಮಲಗಬೇಕಾ? ಸ್ಕ್ರೋಲ್ ಸಾ ಪ್ರಾಣಿ ಪಜಲ್‌ಗೆ ಕಟ್ಟಿಗೆ ಎಷ್ಟು ದಪ್ಪ ಇರಬೇಕು

ನಾನು ಕೊಯ್ದ ಮೊದಲ ಆನೆ ಫ್ಯಾನ್ ಗಾಳಿಗೆ ಬಿತ್ತು. ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿಯೂ ಬಿತ್ತು. ಕೊಪ್ಪಳದಲ್ಲಿ ಮೇ ತಿಂಗಳು, ಫ್ಯಾನ್ ಐದರ ಮೇಲೆ ಓಡುತ್ತಿತ್ತು. ಮೇಜಿನ ಮೇಲೆ 6 ಮಿ.ಮೀ. ಪ್ಲೈವುಡ್ಡಿನ ಆನೆ, ಏಳು ತುಂಡು, ಚೆಂದದ ಸೊಂಡಿಲು. ಬಿದ್ದದ್ದು ಬಿತ್ತು, ಬಾಲವೂ ಮುರಿಯಿತು. ಮನೆಯಲ್ಲಿದ್ದ ಹಳೆ ಪ್ಲೈ ತುಂಡನ್ನು ಸ್ಕ್ರೋಲ್ ಸಾದಲ್ಲಿ (ಸಣ್ಣ ಬ್ಲೇಡ್ ಮೇಲೆ ಕೆಳಗೆ ಓಡಿ ಹಲಗೆ ಕೊಯ್ಯುವ ಯಂತ್ರ) ಮುಗಿಸಬೇಕೆಂದು ಹೊರಟವನಿಗೆ ಕಟ್ಟಿಗೆಯ ದಪ್ಪದ ಬಗ್ಗೆ ಯೋಚನೆಯೇ ಬಂದಿರಲಿಲ್ಲ.

ಆಮೇಲೆ ತಿಳಿದದ್ದು ಇಷ್ಟು. ಪಜಲ್ ಮಾಡುವಾಗ ಮೊದಲು ತೀರ್ಮಾನ ಆಗಬೇಕಾದದ್ದೇ ದಪ್ಪ. ದಪ್ಪ ನೋಡಿಕೊಂಡು ಬ್ಲೇಡ್ ಆರಿಸುತ್ತೇವೆ. ಬ್ಲೇಡ್ ಎಷ್ಟು ಸಣ್ಣದಾಗಿ ತಿರುಗುತ್ತದೋ ಅಷ್ಟೇ ಸಣ್ಣ ತಿರುವು ಚಿತ್ರದಲ್ಲಿ ಇರಬಹುದು. ಹಾಗಾಗಿ ಚಿತ್ರ ಬರೆದು ಮುಗಿಸಿ ಆಮೇಲೆ ಹಲಗೆ ಹುಡುಕಲು ಹೋದರೆ ಅರ್ಧ ಕೆಲಸ ಮತ್ತೆ ಮಾಡಬೇಕಾಗುತ್ತದೆ.

ಮೊದಲು: ನಿಲ್ಲುವ ಪ್ರಾಣಿಯೋ, ಮಲಗುವ ಪ್ರಾಣಿಯೋ

ಪ್ರಾಣಿ ಪಜಲ್‌ಗಳಲ್ಲಿ ಎರಡು ಜಾತಿ. ಒಂದು, ಚೌಕಟ್ಟಿನೊಳಗೆ ಮಲಗಿಸಿ ಜೋಡಿಸುವಂಥದ್ದು. ಇನ್ನೊಂದು, ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದ ಮೇಲೆ ತನ್ನ ಕಾಲ ಮೇಲೆ ತಾನೇ ನಿಲ್ಲುವಂಥದ್ದು.

ಮಲಗುವ ಪಜಲ್‌ಗೆ 9 ಅಥವಾ 12 ಮಿ.ಮೀ. ಸಾಕು. ನನ್ನ ಮಾತು ಕೇಳುವುದಾದರೆ 12. ಕೆಳಗೆ 4 ಮಿ.ಮೀ. ಪ್ಲೈವುಡ್ ತಳ ಅಂಟಿಸಿದರೆ ಮುಗಿಯಿತು. ಒಂದೇ ತೊಂದರೆ, ಚೌಕಟ್ಟೂ ತುಂಡೂ ಒಂದೇ ಮಟ್ಟದಲ್ಲಿದ್ದರೆ ಮಗುವಿನ ಬೆರಳಿಗೆ ಹಿಡಿತ ಸಿಗುವುದಿಲ್ಲ. ಇದಕ್ಕೆ ಸುಲಭದ ದಾರಿ ಇದೆ. 12 ಮಿ.ಮೀ. ಹಲಗೆ ಮತ್ತು 9 ಮಿ.ಮೀ. ಹಲಗೆ ಎರಡನ್ನೂ ಡಬಲ್ ಟೇಪ್ ಹಾಕಿ ಒಂದರ ಮೇಲೊಂದು ಅಂಟಿಸಿ, ಪ್ರಾಣಿಯ ಹೊರಗೆರೆಯನ್ನು ಒಟ್ಟಿಗೇ ಕೊಯ್ಯಿರಿ. ಒಳಗಿನ ಪ್ರಾಣಿಯನ್ನು 12ರದ್ದು ತೆಗೆದುಕೊಳ್ಳಿ, ಹೊರಗಿನ ಚೌಕಟ್ಟನ್ನು 9ರದ್ದು. ಪ್ರಾಣಿ 3 ಮಿ.ಮೀ. ಮೇಲೆ ಎದ್ದು ನಿಲ್ಲುತ್ತದೆ. ಬ್ಲೇಡ್ ಒಳಗೆ ಇಳಿಸಲು ಸಣ್ಣ ತೂತು ಕೊರೆಯಬೇಕಲ್ವಾ, ಅದನ್ನು ಕಾಲಿನ ಸಂದಿಯಲ್ಲೋ ಕಿವಿಯ ಮೂಲೆಯಲ್ಲೋ ಕೊರೆದರೆ ಕಣ್ಣಿಗೆ ಬೀಳುವುದಿಲ್ಲ.

ನಿಲ್ಲುವ ಪ್ರಾಣಿಯದ್ದೇ ನಿಜವಾದ ಲೆಕ್ಕ.

ಎತ್ತರ ಮತ್ತು ದಪ್ಪದ ಲೆಕ್ಕ

ಕೊಪ್ಪಳದಿಂದ ಹತ್ತು ಹನ್ನೆರಡು ಕಿಲೋಮೀಟರಿಗೆ ಕಿನ್ನಾಳ. ಅಲ್ಲಿನ ಚಿತ್ರಗಾರರ ಬಣ್ಣದ ಗೊಂಬೆಗಳು ಎಲ್ಲರಿಗೂ ಗೊತ್ತು. ಒಮ್ಮೆ ನನ್ನ ಬೀಳುವ ಆನೆಯನ್ನು ಅಲ್ಲಿನ ಒಬ್ಬ ಹಿರಿಯರಿಗೆ ತೋರಿಸಿದೆ. ಕೈಯಲ್ಲಿ ಹಿಡಿದು ಪಕ್ಕದಿಂದ ನೋಡಿ ನಕ್ಕರು. "ತಮ್ಮಾ, ಇದು ಆನಿ ಅಲ್ಲ, ಆನಿ ಫೋಟೋ ಐತಿ. ಫೋಟೋ ಎಲ್ಲೆರ ನಿಲ್ತಾವೇನು?" ಎಂದರು. "ಹೌದ್ರಿ ಅಜ್ಜಾರ" ಎಂದು ಸುಮ್ನೆ ವಾಪಸ್ ಬಂದೆ. ಆದರೆ ಮಾತು ತಲೆಯಲ್ಲಿ ಉಳಿಯಿತು. ಕೆತ್ತಿದ ಗೊಂಬೆಗೆ ಎಡಗಾಲು ಬಲಗಾಲು ಬೇರೆ ಬೇರೆ ಇರುತ್ತವೆ, ನಡುವೆ ಅಂತರ ಇರುತ್ತದೆ. ನಮ್ಮ ಪಜಲ್ ಪ್ರಾಣಿಗೆ ಆ ಅಂತರ ಎಂದರೆ ಹಲಗೆಯ ದಪ್ಪವೇ.

ಲೆಕ್ಕ ಹೀಗಿದೆ. 12 ಸೆಂ.ಮೀ. ಎತ್ತರದ ಆನೆ ಎಂದುಕೊಳ್ಳಿ. ಅದರ ಭಾರದ ಕೇಂದ್ರ ನೆಲದಿಂದ ಸುಮಾರು 6.5 ಸೆಂ.ಮೀ. ಮೇಲಿರುತ್ತದೆ. ಕಾಲಿಗಿಂತ ಹೊಟ್ಟೆ ದಪ್ಪ, ಅದಕ್ಕೇ ನಡುಮಧ್ಯಕ್ಕಿಂತ ತುಸು ಮೇಲೆ. ಪಕ್ಕಕ್ಕೆ ವಾಲಿಸುತ್ತಾ ಹೋದರೆ ಈ ಕೇಂದ್ರ ದಪ್ಪದ ಅರ್ಧವನ್ನು ದಾಟಿದ ಕೂಡಲೇ ಆನೆ ಬೀಳುತ್ತದೆ. 6 ಮಿ.ಮೀ. ಹಲಗೆಯಲ್ಲಿ ಅರ್ಧ ಎಂದರೆ ಬರೀ 3 ಮಿ.ಮೀ. ಎರಡೂವರೆ ಡಿಗ್ರಿ ವಾಲಿದರೆ ಸಾಕು, ಧೊಪ್ ಎಂದು ಬೀಳುತ್ತದೆ. 18 ಮಿ.ಮೀ. ಆದರೆ ಸುಮಾರು 8 ಡಿಗ್ರಿ ತಡೆಯುತ್ತದೆ. 25 ಮಿ.ಮೀ. ಆದರೆ 11 ಡಿಗ್ರಿ ಹತ್ತಿರ.

ಡಿಗ್ರಿ ಎಂದರೆ ತಲೆಗೆ ಹತ್ತುವುದಿಲ್ಲ ಎನ್ನುವವರು ಒಂದು ಅಡಿ ಹಲಗೆ, ಅಂದರೆ 30 ಸೆಂ.ಮೀ. ಹಲಗೆ ತೆಗೆದುಕೊಳ್ಳಿ. ಅದರ ಮೇಲೆ ಆನೆಯನ್ನು ಅಡ್ಡಲಾಗಿ ನಿಲ್ಲಿಸಿ, ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತಾ ಹೋಗಿ. 6 ಮಿ.ಮೀ. ಆನೆ ಒಂದೂವರೆ ಸೆಂಟಿಮೀಟರ್ ಎತ್ತುವುದರೊಳಗೆ ಬೀಳುತ್ತದೆ. 18ರದ್ದು 4 ಸೆಂ.ಮೀ.ವರೆಗೆ ನಿಲ್ಲುತ್ತದೆ. 25ರದ್ದು ಐದೂವರೆ ದಾಟುತ್ತದೆ. ಮಗು ಆಡುವ ಚಾಪೆ, ಗಾದಿ, ಅಂಗಳದ ಕಲ್ಲು ಯಾವುದೂ ಸಮತಟ್ಟು ಇರುವುದಿಲ್ಲ. ನನ್ನ ಮಟ್ಟಿಗೆ 4 ಸೆಂ.ಮೀ. ಪಾಸ್ ಮಾರ್ಕು.

ಇದರಿಂದ ನಾನು ಮಾಡಿಕೊಂಡ ನಿಯಮ: ಎತ್ತರ ದಪ್ಪದ ಸುಮಾರು ಆರೂವರೆ ಪಟ್ಟು ಮೀರಬಾರದು. 18 ಮಿ.ಮೀ. ಹಲಗೆಗೆ 12 ಸೆಂ.ಮೀ.ವರೆಗಿನ ಪ್ರಾಣಿ. 25ಕ್ಕೆ 16 ಸೆಂ.ಮೀ.ವರೆಗೆ. 12 ಮಿ.ಮೀ. ಹಲಗೆಯಲ್ಲೂ ನಿಲ್ಲುವ ಪ್ರಾಣಿ ಮಾಡಬಹುದು, ಆದರೆ 8 ಸೆಂ.ಮೀ. ಒಳಗಿನ ಆಮೆ, ಮೊಲದಂಥದ್ದು ಮಾತ್ರ. ಅನುಮಾನ ಇದ್ದರೆ ಪೂರ್ತಿ ಪಜಲ್ ಕೊಯ್ಯಬೇಡಿ. ಅದೇ ದಪ್ಪದ ಯಾವುದಾದರೂ ರದ್ದಿ ತುಂಡಿನಲ್ಲಿ ಬರೀ ಹೊರಗೆರೆ ಕೊಯ್ದು ಹಲಗೆ ಪರೀಕ್ಷೆ ಮಾಡಿ. ಹತ್ತು ನಿಮಿಷದ ಕೆಲಸ.

ತೆಳು ಹಲಗೆಯಲ್ಲಿ ಇನ್ನೊಂದು ತೊಂದರೆ ಇದೆ. ಬ್ಲೇಡ್ ತಿಂದ ಜಾಗ ಸಂದಾಗಿ ಉಳಿಯುತ್ತದಲ್ವಾ, 6 ಮಿ.ಮೀ. ಹಲಗೆಯಲ್ಲಿ ಆ ಸಂದಿನಿಂದಾಗಿ ತುಂಡುಗಳು ಹಿಂದಕ್ಕೂ ಮುಂದಕ್ಕೂ ತೂಗಾಡುತ್ತವೆ. ದಪ್ಪ ಹಲಗೆಯಲ್ಲಿ ಅದೇ ಸಂದು ಇದ್ದರೂ ಕೊಯ್ದ ಮೈ, ಅಂದರೆ ಗೋಡೆ, ಉದ್ದ ಇರುವುದರಿಂದ ತುಂಡು ಬಿಗಿಯಾಗಿ ಕೂರುತ್ತದೆ.

ಹಾಗಾದರೆ ದಪ್ಪ ಇದ್ದಷ್ಟೂ ಒಳ್ಳೆಯದಾ? ಅಲ್ಲ

ಇಲ್ಲಿ ಯಂತ್ರದ ಮಾತು ಬರುತ್ತದೆ. ಬಹಳ ಸ್ಕ್ರೋಲ್ ಸಾ ಯಂತ್ರಗಳ ಮೇಲೆ 50 ಮಿ.ಮೀ. ಅಂದರೆ ಎರಡು ಇಂಚಿನವರೆಗೆ ಕೊಯ್ಯುತ್ತದೆ ಎಂದು ಬರೆದಿರುತ್ತಾರೆ. ಕೊಯ್ಯುತ್ತದೆ, ನಿಜ. ಎಳೆದ ಗೆರೆಯ ಮೇಲೇ ಕೊಯ್ಯುತ್ತದೆ ಎಂದು ಮಾತ್ರ ಎಲ್ಲೂ ಬರೆದಿರುವುದಿಲ್ಲ.

ಬ್ಲೇಡ್ ಮೇಲೆ ಕೆಳಗೆ ಓಡುವ ದೂರ ಸಾಮಾನ್ಯವಾಗಿ 15ರಿಂದ 20 ಮಿ.ಮೀ. ಹಲಗೆ ಇದಕ್ಕಿಂತ ದಪ್ಪ ಇದ್ದರೆ ನಡುವಿನ ಹಲ್ಲುಗಳು ಕಟ್ಟಿಗೆಯಿಂದ ಹೊರಗೆ ಬರುವುದೇ ಇಲ್ಲ. ಒಳಗೇ ಓಡಾಡುತ್ತವೆ. ಹೊಟ್ಟು ಹೊರಗೆ ಬೀಳದೆ ಅಲ್ಲೇ ಅರೆಯುತ್ತದೆ, ಬಿಸಿ ಏರುತ್ತದೆ, ಕೊಯ್ದ ಗೋಡೆ ಕಪ್ಪಗೆ ಸುಡುತ್ತದೆ. ಕೊಯ್ಯುವವನಿಗೆ ಅವಸರ ಆಗಿ ಕಟ್ಟಿಗೆಯನ್ನು ಮುಂದಕ್ಕೆ ಒತ್ತುತ್ತಾನೆ. ಒತ್ತಿದರೆ ಬ್ಲೇಡ್ ನಡುವೆ ಬಾಗುತ್ತದೆ. ಮೇಲೆ ಗೆರೆ ಸರಿಯಾಗಿ ಕಾಣುತ್ತದೆ, ಹೊಟ್ಟೆಯೊಳಗೆ ಉಬ್ಬಿರುತ್ತದೆ. ಅಂಥ ತುಂಡು ಪಕ್ಕದ ತುಂಡಿನೊಳಗೆ ಜಾರುವುದಿಲ್ಲ.

ಹಾಗಾಗಿ ಯಂತ್ರದ ಕೈಪಿಡಿಯಲ್ಲಿ ಎಷ್ಟು ದಪ್ಪ ಕೊಯ್ಯುತ್ತದೆ ಎಂದು ನೋಡುವ ಬದಲು ಬ್ಲೇಡ್ ಎಷ್ಟು ಓಡುತ್ತದೆ ಎಂದು ನೋಡಿ. ಕೈಪಿಡಿ ಕಳೆದಿದ್ದರೆ ಯಂತ್ರ ಬಂದ್ ಮಾಡಿ, ಪ್ಲಗ್ ಕಿತ್ತು, ಕೈಯಿಂದ ತಿರುಗಿಸಿ ಪಟ್ಟಿಯಿಂದ ಅಳೆಯಿರಿ. ನನ್ನ ಯಂತ್ರದ್ದು 18. ಮುಕ್ಕಾಲಿಂಚು ಹಲಗೆಯಲ್ಲಿ ಅದು ಆರಾಮಾಗಿ ಓಡುತ್ತದೆ. ಒಂದಿಂಚಿಗೆ ನಿಧಾನ ಮಾಡಬೇಕು. ಒಂದೂವರೆ ಇಂಚು ಒಮ್ಮೆ ಪ್ರಯತ್ನಿಸಿದೆ, ಎರಡು ಬ್ಲೇಡ್ ಮುರಿದವು, ಕರಡಿಯ ಬೆನ್ನು ಸುಟ್ಟಿತು. ಮತ್ತೆ ಆ ಉಸಾಬರಿಗೆ ಹೋಗಿಲ್ಲ.

ದಪ್ಪಕ್ಕೆ ತಕ್ಕ ಬ್ಲೇಡ್

ಬ್ಲೇಡ್ 5 ಇಂಚು ಉದ್ದ, ನಂಬರ್ ಹೆಚ್ಚಿದಂತೆ ಅಗಲ ಜಾಸ್ತಿ, ಹಲ್ಲು ದೊಡ್ಡದು. ತೆಳು ಹಲಗೆಗೆ ಸಣ್ಣ ನಂಬರ್, ದಪ್ಪಕ್ಕೆ ದೊಡ್ಡ ನಂಬರ್. 6 ಮಿ.ಮೀ.ವರೆಗೆ 2 ಅಥವಾ 3. 12ಕ್ಕೆ 5. 18ಕ್ಕೆ ಮೆತ್ತನೆ ಮರವಾದರೆ 5, ಗಟ್ಟಿಯಾದರೆ 7. 25ಕ್ಕೆ 7 ಅಥವಾ 9. ತೆಳು ಹಲಗೆಗೆ ದೊಡ್ಡ ಹಲ್ಲು ಹಾಕಿದರೆ ಹಲಗೆ ಕುಣಿಯುತ್ತದೆ, ಕೆಳಗಡೆ ಚಿಂದಿ ಏಳುತ್ತದೆ. ಯಾವತ್ತೂ ಕನಿಷ್ಠ ಮೂರು ಹಲ್ಲು ಕಟ್ಟಿಗೆಯ ಒಳಗಿರಬೇಕು.

ತುದಿಯಲ್ಲಿ ಕೆಲವು ಹಲ್ಲು ಮೇಲ್ಮುಖವಾಗಿರುವ ರಿವರ್ಸ್ ಬ್ಲೇಡ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಪ್ಲೈವುಡ್ ಆದರಂತೂ ಅದೇ ಬೇಕು. ಅಂಟಿಸಿದ ಚಿತ್ರದ ಮೇಲೆ ಪಾರ್ಸೆಲ್ಲಿಗೆ ಹಚ್ಚುವ ಪಾರದರ್ಶಕ ಟೇಪ್ ಒಂದು ಪದರ ಹಾಕಿದರೆ ಸುಡುವುದು ಬಹಳ ಕಡಿಮೆ ಆಗುತ್ತದೆ.

ಈಗ ಚಿತ್ರದ ಮಾತು. 9ನೇ ನಂಬರ್ ಬ್ಲೇಡ್ ಅಗಲ. ಸಣ್ಣ ತಿರುವಿನಲ್ಲಿ ಅದು ತಿರುಗುವುದಿಲ್ಲ. ದರೋಜಿ ಕಾಡಿನ ಕರಡಿಯನ್ನು ಮಾಡುವಾಗ ನನಗೆ ಅದರ ಜೂಲುಜೂಲು ಕೂದಲನ್ನು ಹೊರಗೆರೆಯಲ್ಲೇ ತರುವ ಆಸೆ. 12 ಮಿ.ಮೀ. ಹಲಗೆಯಲ್ಲಿ 3ನೇ ನಂಬರ್ ಹಾಕಿ ಹೇಗೋ ತಂದೆ. 25ರಲ್ಲಿ ಆಗುವ ಮಾತಲ್ಲ. ದಪ್ಪ ಕರಡಿ ಬೇಕಾದರೆ ಹೊರಗೆರೆ ನುಣ್ಣಗಿರಲಿ, ಕೂದಲನ್ನು ಆಮೇಲೆ ಕಾಯಿಸಿದ ಕಬ್ಬಿಣದ ಮುಳ್ಳಿನಿಂದ ಸುಟ್ಟು ಬರೆಯಿರಿ.

ಮೇಜು ನೇರ ಇದೆಯಾ?

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನಾನೂ ಬಿಟ್ಟಿದ್ದೆ. ಯಂತ್ರದ ಮೇಜು ಬ್ಲೇಡಿಗೆ 90 ಡಿಗ್ರಿಯಲ್ಲಿ ಇರಬೇಕು. ಒಂದೇ ಒಂದು ಡಿಗ್ರಿ ತಪ್ಪಿದರೂ 12 ಮಿ.ಮೀ. ಹಲಗೆಯಲ್ಲಿ ಮೇಲಿನ ಗೆರೆಗೂ ಕೆಳಗಿನ ಗೆರೆಗೂ 0.2 ಮಿ.ಮೀ. ವ್ಯತ್ಯಾಸ ಬರುತ್ತದೆ. 18ರಲ್ಲಿ 0.3. 25ರಲ್ಲಿ 0.44. ಐದನೇ ನಂಬರ್ ಬ್ಲೇಡ್ ತಿನ್ನುವ ಸಂದೇ ಹೆಚ್ಚುಕಡಿಮೆ 0.4 ಮಿ.ಮೀ. ಅಂದರೆ 12ರಲ್ಲಿ ತಪ್ಪು ಸಂದಿನೊಳಗೆ ಮುಚ್ಚಿಹೋಗುತ್ತದೆ. 25ರಲ್ಲಿ ತಪ್ಪೇ ಸಂದನ್ನು ನುಂಗುತ್ತದೆ. ತುಂಡು ಒಂದು ಕಡೆಯಿಂದ ಸಲೀಸಾಗಿ ಜಾರುತ್ತದೆ, ಇನ್ನೊಂದು ಕಡೆಯಿಂದ ಹೊಕ್ಕರೆ ಬೆಣೆ ಹೊಡೆದಂತೆ ಸಿಕ್ಕಿಕೊಳ್ಳುತ್ತದೆ. ಮಗು ಜಗ್ಗುತ್ತದೆ, ಕುತ್ತಿಗೆ ಮುರಿಯುತ್ತದೆ. ಆನೆಯದ್ದು.

ಪರೀಕ್ಷೆಗೆ ಮೂಲೆಮಟ್ಟವೂ ಬೇಡ. ಇದ್ದುದರಲ್ಲಿ ದಪ್ಪನೆಯ ತುಂಡೊಂದನ್ನು ತೆಗೆದುಕೊಳ್ಳಿ. ಬ್ಲೇಡಿನ ಮುಂದಿನಿಂದ ಅಂಚಿಗೆ ಎರಡು ಮೂರು ಮಿ.ಮೀ. ಸೀಳು ಹಾಕಿ. ಯಂತ್ರ ನಿಲ್ಲಿಸಿ, ತುಂಡನ್ನು ಮೇಜಿನ ಮೇಲೇ ಸುತ್ತು ತಿರುಗಿಸಿ ಬ್ಲೇಡಿನ ಹಿಂದಕ್ಕೆ ತನ್ನಿ. ಅದೇ ಸೀಳು ಬ್ಲೇಡಿನ ಬೆನ್ನಿಗೆ ಮೇಲಿನಿಂದ ಕೆಳಗಿನವರೆಗೆ ಸರಿಯಾಗಿ ಕೂತರೆ ಮೇಜು ನೇರ. ಓರೆ ಕಂಡರೆ ಮೇಜಿನ ತಿರುಪು ಸಡಿಲಿಸಿ ಸರಿಮಾಡಿ. ದಪ್ಪ ಹಲಗೆ ಕೊಯ್ಯುವ ದಿನ ಪ್ರತಿಸಲವೂ ಇದನ್ನು ಮಾಡಿ.

ಕಾಲು, ಬಾಲ, ಕೊಂಬು

ದಪ್ಪ ಹೆಚ್ಚಿಸಿದರೆ ಪ್ರಾಣಿ ಗಟ್ಟಿಯಾಗುತ್ತದೆ ಎನ್ನುವುದು ಅರ್ಧ ಸತ್ಯ. ಕಟ್ಟಿಗೆ ಮುರಿಯುವುದು ಎಳೆಯ ಉದ್ದಕ್ಕೆ. 25 ಮಿ.ಮೀ. ಹಲಗೆಯಲ್ಲೂ ಎಳೆ ಅಡ್ಡ ಬಂದಿರುವ 6 ಮಿ.ಮೀ. ಅಗಲದ ಕಾಲು ಪಟಕ್ಕನೆ ಮುರಿಯುತ್ತದೆ. ನಾಲ್ಕು ಕಾಲಿನ ಪ್ರಾಣಿಗೆ ಎಳೆ ಮೇಲಿನಿಂದ ಕೆಳಕ್ಕೆ, ಕಾಲಿನ ಉದ್ದಕ್ಕೇ ಬರುವಂತೆ ಚಿತ್ರ ಅಂಟಿಸಿ. ಆಗ ಬಾಲ ಮತ್ತು ಸೊಂಡಿಲು ಎಳೆಗೆ ಅಡ್ಡ ಬೀಳುತ್ತವೆ. ಬಾಲವನ್ನು ಕಾಲಿಗೆ ತಾಗಿಸಿ ಕೆಳಕ್ಕೆ ಬಿಡಿ, ಸೊಂಡಿಲನ್ನು ಮುಂಗಾಲಿಗೆ ಸೇರಿಸಿ. ಎತ್ತಿದ ಸೊಂಡಿಲು ಚೆಂದ, ಬಾಳಿಕೆ ಇಲ್ಲ.

ನಮ್ಮ ಸೀಮೆಯ ಹೊಲಗಳಲ್ಲಿ ಹಿಂಡು ಹಿಂಡಾಗಿ ಕಾಣುವ ಕೃಷ್ಣಮೃಗವನ್ನು ಮಾಡಬೇಕೆಂದು ಎಲ್ಲರಿಗೂ ಆಸೆ ಇರುತ್ತದೆ. ಅದರ ತಿರುಚಿದ ಕೊಂಬೇ ಅದರ ಅಂದ. ನಿಲ್ಲುವ ಪಜಲ್‌ನಲ್ಲಿ ಆ ಕೊಂಬು ಒಂದು ವಾರ ಬಾಳುವುದಿಲ್ಲ, ಎಷ್ಟೇ ದಪ್ಪ ಹಾಕಿ. ಅದನ್ನು ಮಲಗಿಸಿಯೇ ಮಾಡಿ, 12 ಮಿ.ಮೀ. ಪ್ಲೈವುಡ್ಡಿನಲ್ಲಿ. ಪ್ಲೈವುಡ್ಡಿನ ಪದರಗಳ ಎಳೆ ಒಂದಕ್ಕೊಂದು ಅಡ್ಡ ಇರುವುದರಿಂದ ತೆಳು ಭಾಗ ಎಲ್ಲ ದಿಕ್ಕಿಗೂ ತಡೆಯುತ್ತದೆ. ತೋಳಕ್ಕೆ 18 ಸರಿ. ತುಂಗಭದ್ರೆಯ ನೀರುನಾಯಿ ಉದ್ದ ಮೈಯ, ಗಿಡ್ಡ ಕಾಲಿನ ಪ್ರಾಣಿ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ನದಿಯನ್ನು 2015ರಲ್ಲಿ ಅದಕ್ಕಾಗಿಯೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಪಜಲ್ ಮಾಡುವವನಿಗೆ ಅಂತೂ ದೇವರು ಕೊಟ್ಟ ಪ್ರಾಣಿ ಅದು. ಗಿಡ್ಡ ಇರುವುದರಿಂದ 12ರಲ್ಲೂ ನಿಲ್ಲುತ್ತದೆ, ಕೊಂಬಿಲ್ಲ, ಕಿವಿ ಸಣ್ಣದು. ಹೊಸಬರು ಆನೆ ಬಿಟ್ಟು ಇದರಿಂದಲೇ ಶುರು ಮಾಡಲಿ.

ಜಿರಾಫೆ ಬೇಕು ಎಂದು ಹಟ ಮಾಡುವ ಮಕ್ಕಳಿಗೆ ಕಾಲುಗಳ ಕೆಳಗೆ ಹುಲ್ಲಿನ ಪಟ್ಟಿ ಬರೆದು ನಾಲ್ಕೂ ಕಾಲನ್ನು ಸೇರಿಸಿ, 25 ಮಿ.ಮೀ.ನಲ್ಲಿ ಕೊಯ್ದು ಕೊಡಿ.

ಹಲಗೆ ಕೊಳ್ಳುವಾಗ

ಅಂಗಡಿಯಲ್ಲಿ ಪ್ಲೈವುಡ್ ಮಿ.ಮೀ. ಲೆಕ್ಕದಲ್ಲಿ ಸಿಗುತ್ತದೆ: 4, 6, 9, 12, 18, ಕೆಲವು ಕಡೆ 25. ಸಾ ಮಿಲ್ಲಿನಲ್ಲಿ ಇಂಚಿನ ಮಾತು. ಅಲ್ಲಿ ಒಂದಿಂಚು ಎಂದು ಕೊಟ್ಟದ್ದು ರಂಧಾ ಹೊಡೆಸಿದ ಮೇಲೆ ಒಂದಿಂಚು ಉಳಿಯುವುದಿಲ್ಲ. ಎರಡೂ ಮೈ ನುಣ್ಣಗಾಗುವಷ್ಟರಲ್ಲಿ 19, 20 ಮಿ.ಮೀ.ಗೆ ಇಳಿಯುತ್ತದೆ. ನಿಮಗೆ 25 ಬೇಕಿದ್ದರೆ ಒಂದೂಕಾಲು ಇಂಚು ಕೇಳಿ. ಬಡಿಗೇರ ಅಂಗಡಿಯಲ್ಲಿ ಬಾಗಿಲು ಚೌಕಟ್ಟು ಮಾಡಿ ಉಳಿದ ಸಾಗುವಾನಿ ತುಂಡುಗಳು ಪಜಲ್‌ಗೆ ಬೇಕಾದಷ್ಟು ಅಳತೆಯವೇ ಇರುತ್ತವೆ, ಮುಲಾಜಿಲ್ಲದೆ ಕೇಳಿ.

ಸಾಗುವಾನಿ ಒಳ್ಳೆಯದು, ಆದರೆ ಅದರಲ್ಲಿ ಮರಳಿನಂಥ ಸಿಲಿಕಾ ಇರುತ್ತದೆ. ಬ್ಲೇಡಿನ ಹಲ್ಲು ಬೇಗ ಮೊಂಡಾಗುತ್ತದೆ. 18 ಮಿ.ಮೀ. ಸಾಗುವಾನಿ ಪಜಲ್ ಒಂದಕ್ಕೆ ಎರಡು ಬ್ಲೇಡ್ ಲೆಕ್ಕ ಇಟ್ಟುಕೊಳ್ಳಿ. ಬೇವು ನಮ್ಮಲ್ಲಿ ಧಾರಾಳ, ಗಟ್ಟಿ, ತೂಕ ಜಾಸ್ತಿ. 18ರ ಮೇಲೆ ಹೋಗಬೇಡಿ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಗುರ, ಮೆತ್ತಗೆ, 25 ಆದರೂ ಸುಲಭ, ಆದರೆ ಮೊಳೆ ಇದೆಯಾ ಎಂದು ಮೊದಲು ಆಯಸ್ಕಾಂತ ಆಡಿಸಿ ನೋಡಿ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರ ಹೇಗೆ ಎಂದು ಕೆಲವರು ಕೇಳುತ್ತಾರೆ. ಮರ ಚೆನ್ನಾಗಿದೆ, ಆದರೆ ಸಣ್ಣ ಮರ, ಅಗಲ ಹಲಗೆ ಸಿಗುವುದು ಕಷ್ಟ. ಅದು ತಿರುಗಣಿಗೇ (ಲೇತ್ ಯಂತ್ರಕ್ಕೇ) ಸರಿ. ಎಂಡಿಎಫ್ (ಮರದ ನಾರಿನ ಪುಡಿಯನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ನನಗೆ ಇಷ್ಟ ಇಲ್ಲ. ಧೂಳು ಕೆಟ್ಟದ್ದು, ನೀರು ತಾಗಿದರೆ ಊದಿಕೊಳ್ಳುತ್ತದೆ, ಪಜಲ್ ಎಂದರೆ ಮಕ್ಕಳು ಬಾಯಿಗಿಡುವ ಸಾಮಾನು.

ಹಸಿ ಹಲಗೆ ತರಬೇಡಿ. ನಮ್ಮ ಬಿಸಿಲಿನಲ್ಲಿ ಹಸಿ ಹಲಗೆ ಒಂದೇ ತಿಂಗಳಲ್ಲಿ ದೋಣಿಯಂತೆ ಬಾಗುತ್ತದೆ, ಅದೂ ತೆಳು ಹಲಗೆ ಮೊದಲು. ತಂದ ಹಲಗೆಯನ್ನು ಕೋಣೆಯೊಳಗೆ ನಡುವೆ ಕಡ್ಡಿ ಇಟ್ಟು ಪೇರಿಸಿ, ಗಾಳಿಯಾಡಲು ಬಿಟ್ಟು ಕೆಲವು ವಾರ ಕಾಯಿರಿ.

ಬೇಕಾದ ದಪ್ಪ ಸಿಗದಿದ್ದರೆ ಎರಡು ಹಲಗೆ ಅಂಟಿಸಬಹುದು. 12ಕ್ಕೆ 6 ಸೇರಿಸಿ 18 ಮಾಡಿ, ಬಿಳಿ ಅಂಟು ಹಚ್ಚಿ ಇಡೀ ರಾತ್ರಿ ಭಾರ ಹೇರಿ. ಸಾಗುವಾನಿಯಲ್ಲಿ ಎಣ್ಣೆ ಅಂಶ ಇರುವುದರಿಂದ ಅಂಟು ಹಚ್ಚುವ ಮುಂಚೆ ಸ್ಯಾಂಡ್‌ಪೇಪರಿನಿಂದ ಉಜ್ಜಿ. ಇದರದ್ದೇ ಉಲ್ಟಾ ಉಪಾಯವೂ ಇದೆ. ಎರಡು 9 ಮಿ.ಮೀ. ಹಾಳೆ ಟೇಪಿನಿಂದ ಒಟ್ಟು ಮಾಡಿ 18ರಂತೆ ಕೊಯ್ದರೆ ಒಂದೇ ಸಲಕ್ಕೆ ಎರಡು ಮಲಗುವ ಪಜಲ್.

ಎಷ್ಟು ವಯಸ್ಸಿನ ಮಗುವಿಗೆ?

ಮೂರು ವರ್ಷದ ಒಳಗಿನ ಮಗುವಿಗೆ ಕೊಡುವುದಾದರೆ ದಪ್ಪದ ಲೆಕ್ಕ ಬೇರೆ. ಆಟಿಕೆ ಸುರಕ್ಷತೆಯ ಪರೀಕ್ಷೆಯಲ್ಲಿ 31.7 ಮಿ.ಮೀ. ವ್ಯಾಸದ ಒಂದು ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ತುಂಡು ಮಗುವಿನ ಗಂಟಲಿಗೂ ಇಳಿಯಬಹುದು ಎಂದು ಅರ್ಥ. 28 ಮಿ.ಮೀ. ಚೌಕದ ತುಂಡು 12 ಮಿ.ಮೀ. ದಪ್ಪ ಇದ್ದರೆ ಓರೆಯಾಗಿ ಇಳಿದುಬಿಡುತ್ತದೆ. ಅದೇ ತುಂಡು 25 ಮಿ.ಮೀ. ದಪ್ಪ ಇದ್ದರೆ ಇಳಿಯುವುದಿಲ್ಲ. ಚಿಕ್ಕ ಮಕ್ಕಳಿಗೆ ದಪ್ಪ ಹಲಗೆ, ದೊಡ್ಡ ತುಂಡು, ಕಡಿಮೆ ತುಂಡು. ನಾನು ಯಾವ ತುಂಡನ್ನೂ 7 ಸೆಂ.ಮೀ.ಗಿಂತ ಗಿಡ್ಡ ಮಾಡುವುದಿಲ್ಲ, ನಾಲ್ಕು ತುಂಡಿಗಿಂತ ಜಾಸ್ತಿಯೂ ಮಾಡುವುದಿಲ್ಲ.

ಮನೆ ಮಕ್ಕಳಿಗೆ ಮಾಡುವುದು ಬೇರೆ, ಮಾರುವುದು ಬೇರೆ. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. 14 ವರ್ಷದ ಒಳಗಿನ ಮಕ್ಕಳ ಆಟಿಕೆ ಮಾರಲು ಐಎಸ್ಐ ಗುರುತು ಬೇಕು. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಇದೆ.

ಕೊನೆಗೆ ಉಜ್ಜುವುದು, ಬಣ್ಣ

ಕೊಯ್ಯುವ ಮೊದಲೇ ಎರಡೂ ಮೈಯನ್ನು 120, ಆಮೇಲೆ 220 ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ. ಕೊಯ್ದ ಮೇಲೆ ಅಂಚು ಮಾತ್ರ ತುಸು ಗುಂಡಗೆ ಮಾಡಿ, ಗೋಡೆಯನ್ನು ಉಜ್ಜಬೇಡಿ, ಸಂದು ಹಿಗ್ಗುತ್ತದೆ.

ಬಣ್ಣದಲ್ಲಿ ನಾನು ದೊಡ್ಡದಾಗಿ ಎಡವಿದೆ. ಕಿನ್ನಾಳದ ಗೊಂಬೆಯ ಹೊಳಪು ನೋಡಿ, ನನ್ನ ಆನೆಗೂ ಹಾಗೇ ಪದರ ಪದರವಾಗಿ ಹಚ್ಚಿದೆ, ಗೋಡೆಗಳಿಗೂ ಸೇರಿ. ಅವರು ಹುಣಸೆ ಬೀಜದ ಅಂಟು ಹಾಕಿ ಗೊಂಬೆಯನ್ನು ಒಂದೇ ಮೈ ಮಾಡಿ, ಅದರ ಮೇಲೆ ಲೇಪ, ಆಮೇಲೆ ಬಣ್ಣ ಹಚ್ಚುತ್ತಾರೆ. ಅಲ್ಲಿ ಸಂದು ಮುಚ್ಚಬೇಕು. ನಮ್ಮಲ್ಲಿ ಸಂದು ಉಳಿಯಬೇಕು. 0.4 ಮಿ.ಮೀ. ಸಂದಿನ ಎರಡೂ ಗೋಡೆಗೆ ಎರಡೆರಡು ಪದರ ಬಣ್ಣ ಹತ್ತಿದರೆ ಉಳಿಯುವುದೇನು? ಆ ಆನೆ ಜೋಡಿಸಿದ ಮೇಲೆ ಮತ್ತೆ ಬಿಚ್ಚಲಿಲ್ಲ. ಈಗಲೂ ಹಾಗೇ ಒಂದೇ ತುಂಡಾಗಿ ಅಟ್ಟದ ಮೇಲೆ ನಿಂತಿದೆ. 18 ಮಿ.ಮೀ. ಹಲಗೆಯದ್ದು, ಫ್ಯಾನ್ ಗಾಳಿಗೆ ಬೀಳುವುದಿಲ್ಲ. ಈಗ ಸೀಸ ಇಲ್ಲದ ಬಣ್ಣವನ್ನು ಎರಡು ಮೈಗೆ ಮಾತ್ರ ಹಚ್ಚುತ್ತೇನೆ, ಗೋಡೆಗೆ ಬಟ್ಟೆಯಲ್ಲಿ ಒಂದು ಕೈ ಕೊಬ್ಬರಿ ಎಣ್ಣೆ ಒರೆಸಿ ಬಿಡುತ್ತೇನೆ.